ಗುರುಶಾಂತ ಮಾಸ್ತರರ ಚಹಾಪುಡಿ ಸಂಶೋಧನೆ

ಬಸವಕಲ್ಯಾಣದ ಗುರುಶಾಂತ ಮಾಸ್ತರರು ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಷಯದ ಉಪನ್ಯಾಸಕರು. ಜಮೆಯೂ ಖರ್ಚೂ ಎರಡು ಬದಿಯಲ್ಲಿ ಸರಿಹೊಂದಿದರೆ ಲೋಕವೆಲ್ಲ ಸರಿಯಾಗಿದೆ ಎಂದು ನಂಬಿ ವರ್ಷಗಟ್ಟಲೆ ಪಾಠ ಹೇಳಿದವರು. ಅವರಲ್ಲಿ ಕೆಟ್ಟ ಗುಣ ಯಾವುದೂ ಇರಲಿಲ್ಲ. ಊರಿಗೆಲ್ಲ ಅರ್ಥವಾದದ್ದು ಅವರಿಗೆ ಒಂದು ಬಸ್ಸು ತಡವಾಗಿ ಅರ್ಥವಾಗುತ್ತಿತ್ತು, ಅಷ್ಟೇ. ಒಮ್ಮೆ ಮದುವೆಗೆಂದು ಹೋಗಿ, ಅಕ್ಷತೆ ಹಾಕಿ, ಎರಡನೆಯ ಪಂಕ್ತಿಯಲ್ಲಿ ಉಂಡು ಬಂದ ಮೇಲೆ, ತಾವು ಹೋಗಬೇಕಾಗಿದ್ದ ಮದುವೆ ಪಕ್ಕದ ಮಂಗಲ ಕಾರ್ಯಾಲಯದಲ್ಲಿತ್ತೆಂದು ಮರುದಿನ ತಿಳಿದುಕೊಂಡಿದ್ದರು.

ಎರಡು ಸಾವಿರದ ಮೂರರಲ್ಲಿ ಅವರ ಕಾಲೇಜಿಗೆ ಬಿ.ಬಿ.ಎಂ. ಬಂತು. ಕಾಲೇಜಿನ ಕಾರ್ಯದರ್ಶಿ ವೀರಭದ್ರಪ್ಪನವರು ತೊಗರಿ ವ್ಯಾಪಾರಿಗಳು. ಹುಮನಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಎಂದರೆ ಕಾಲೇಜು ನಡೆಸುವವರು, ಅಂದರೆ ತಾವು, ಎಂಬುದು ಅವರ ತಿಳಿವಳಿಕೆ. ಆದ್ದರಿಂದ ಮ್ಯಾನೇಜ್‌ಮೆಂಟ್ ಕಲಿಸುವ ತರಗತಿ ಎಂದಾಗ ಸ್ವಲ್ಪ ಸಂಕೋಚಪಟ್ಟುಕೊಂಡರು. “ನನ್ನ ಬಗ್ಗೆ ಮೂರು ವರ್ಷ ಕಲಿಸಾಕ ಏನದರಿ?” ಎಂದು ಕೇಳಿದರು. ಯಾರೋ ತಿಳಿಸಿ ಹೇಳಿದ ಮೇಲೆ ಗುರುಶಾಂತ ಮಾಸ್ತರರನ್ನು ಕರೆಸಿದರು.

“ಮಾಸ್ತರ್, ಈ ವಿಭಾಗ ನಿಮ್ಮ ಕೊರಳಿಗಿ ಕಟ್ಟಬೇಕಂತ ಮಾಡೇನಿ. ಖರೇ, ನಿಮಗ ಎಂ.ಫಿಲ್ ಆಗಬೇಕು. ಇಲ್ಲಂದ್ರ ಬೀದರದಾಗ ಒಬ್ಬ ಹುಡುಗ ರೆಡಿ ಅದಾನ.”

ಮಾಸ್ತರರು ಗುಲ್ಬರ್ಗಾಕ್ಕೆ ಹೋಗಿ ಮಲ್ಲಿಕಾರ್ಜುನ ಸರ್ ಎಂಬ ಮಾರ್ಗದರ್ಶಕರ ಮುಂದೆ ನಿಂತರು. ಅಷ್ಟರಲ್ಲಿ ವಿಷಯಗಳೆಲ್ಲ ಹಂಚಿಹೋಗಿದ್ದವು. ಸಾಬೂನನ್ನು ಆಳಂದದವರೊಬ್ಬರು ಒಯ್ದಿದ್ದರು. ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ತೃಪ್ತರೋ ಅತೃಪ್ತರೋ ಎಂಬುದನ್ನು ಬೀದರದ ಮೇಡಂ ಒಬ್ಬರು ಹಿಡಿದಿದ್ದರು. ಉಳಿದದ್ದು ಚಹಾಪುಡಿ. ಲೆಕ್ಕ ಹಾಕಿ ಮಾಡುವ ಸಂಶೋಧನೆಗೆ ಸೀಟು ತುಂಬಿದ್ದರಿಂದ, ಮಾತಾಡಿಸಿ ಮಾಡುವ ಸಂಶೋಧನೆ, ಅಂದರೆ ಗುಣಾತ್ಮಕ ಸಂಶೋಧನೆ, ಅವರ ಪಾಲಿಗೆ ಬಂತು. ಹೀಗೆ ಜೀವನವಿಡೀ ಅಂಕಿಗಳ ಜೊತೆ ಮಾತಾಡಿದ ಮನುಷ್ಯ, ಮನುಷ್ಯರ ಜೊತೆ ಮಾತಾಡಬೇಕಾದ ಕಷ್ಟಕ್ಕೆ ಸಿಕ್ಕಿಕೊಂಡರು.

ಸಂಶೋಧನೆ ಹೇಗೆ ಮಾಡಬೇಕೆಂದು ಕಲಿಸಲು ಗುಲ್ಬರ್ಗಾದಲ್ಲಿ ಕಮ್ಮಟ ನಡೆಯಿತು. ಬೆಳಗಿನ ಹೊತ್ತು ಒಬ್ಬ ಪ್ರಾಧ್ಯಾಪಕರು ಹೇಳಿದ್ದನ್ನು ಮಾಸ್ತರರು ಅಕ್ಷರಶಃ ಮನದಟ್ಟು ಮಾಡಿಕೊಂಡರು. ಪ್ರಶ್ನೆ ಒಂದೇ ಕೇಳಬೇಕು. ಆಮೇಲೆ ಸುಮ್ಮನಿರಬೇಕು. ಎದುರಿನವರು ಸುಮ್ಮನಾದರೂ ನಾವು ಸುಮ್ಮನಿರಬೇಕು, ಯಾಕೆಂದರೆ ಮನುಷ್ಯನಿಗೆ ಮೌನ ತಡೆಯುವುದಿಲ್ಲ, ಅವನೇ ಮಾತಾಡುತ್ತಾನೆ. ಬುದ್ಧಿ ಹೇಳಬಾರದು. ಎಲ್ಲವನ್ನೂ ಟೇಪಿನಲ್ಲಿ ಹಿಡಿಯಬೇಕು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆಯ ಊಟವಾಯಿತು. ಊಟದ ನಂತರ ಅದೇ ಪ್ರಾಧ್ಯಾಪಕರು, ಮಾತು ದಾರಿ ತಪ್ಪಿದಾಗ ಅದನ್ನು ಮೆಲ್ಲಗೆ ವಿಷಯಕ್ಕೆ ಮರಳಿ ತರುವುದು ಹೇಗೆ ಎಂದು ವಿವರಿಸಿದರು. ಆ ಹೊತ್ತಿಗೆ ಗುರುಶಾಂತ ಮಾಸ್ತರರು ನಿದ್ದೆ ಹೋಗಿದ್ದರು.

ಮೊದಲ ಸಂದರ್ಶನ ಕೋಟೆ ರಸ್ತೆಯ ಕಿರಾಣಿ ಅಂಗಡಿಯ ತುಳಜಾರಾಮನದು. ಮಾಸ್ತರರು ಸಕ್ಕರೆ ಚೀಲದ ಮೇಲೆ ಕೂತು, ಟೇಪ್ ರೆಕಾರ್ಡರನ್ನು ಬೆಲ್ಲದ ಡಬ್ಬಿಯ ಮೇಲಿಟ್ಟು, ಗುಂಡಿ ಒತ್ತಿ ಕೇಳಿದರು:

“ಮನಿಬಳಕಿ ಚಾಪುಡಿ ಬಗ್ಗೆ ನಿಮ್ಮ ಅನುಭವ ಹೇಳ್ರಿ.”

“ಅನುಭವ ಏನ್ರಿ. ಕೆಂಪ ಪಾಕೀಟ ಜಾಸ್ತಿ ಹೋಗ್ತದ. ಹಸರ ಪಾಕೀಟ ಕಮ್ಮಿ,” ಎಂದು ಹೇಳಿ ತುಳಜಾರಾಮ ಸುಮ್ಮನಾದ.

ಮಾಸ್ತರರೂ ಸುಮ್ಮನಾದರು. ಟೇಪು ತಿರುಗುತ್ತಿತ್ತು. ತುಳಜಾರಾಮ ನೊಣ ಹೊಡೆದ. ತಕ್ಕಡಿ ಒರೆಸಿದ. ಮಾಸ್ತರರು ಅವನ ಮುಖವನ್ನೇ ನೋಡುತ್ತ ಕೂತಿದ್ದರು.

“ಮತ್ತೇನ್ರಿ ಮಾಸ್ತರ್?”

ಉತ್ತರವಿಲ್ಲ.

“ಮನ್ಯಾಗ ಎಲ್ಲಾ ಅರಾಮ?”

ಉತ್ತರವಿಲ್ಲ. ತುಳಜಾರಾಮನ ಮುಖ ಬದಲಾಯಿತು. ದನಿ ತಗ್ಗಿಸಿ ಕೇಳಿದ: “ನಮ್ಮಣ್ಣ ಏನರೆ ಹೇಳಿ ಕಳಿಸ್ಯಾನೇನ್ರಿ?”

ಮಾಸ್ತರರಿಗೆ ಅವನ ಅಣ್ಣ ಯಾರೆಂದೇ ಗೊತ್ತಿರಲಿಲ್ಲ. ನಿಯಮದಂತೆ ಸುಮ್ಮನಿದ್ದರು. ಆಗ ತುಳಜಾರಾಮ ಹಿಂದಿನ ಗೋಡೆಗೆ ಕೈಯಿಟ್ಟು ಹೇಳತೊಡಗಿದ. “ಈ ಗ್ವಾಡಿ ಆಚೀಗೇ ಅವನ ಮನಿ. ಅವ್ವ ಸತ್ತಾಗಿಂದ ಮಾತಿಲ್ಲ. ಅವ ಕೆಮ್ಮಿದ್ರ ನನಗಿ ಕೇಳಸ್ತದ. ಈ ಚಳಿಗಾಲದಾಗ ಭಾಳ ಕೆಮ್ಮಾಕತ್ತಾನ. ದವಾಖಾನಿಗಿ ಹೋಗು ಅಂತ ಯಾರ ಕೈಲೆ ಹೇಳಿ ಕಳಿಸಲ್ರಿ? ನಾನು ಹೋದ್ರ ಪಾಲಿಗಿ ಬಂದಾನ ಅಂತಾನ.”

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಎಣ್ಣೆಗೆ ಬಂದಿದ್ದ ಹೆಂಗಸೊಬ್ಬಳು ಬಾಟಲಿ ಹಿಡಿದುಕೊಂಡೇ ಅತ್ತಳು. ಆ ಸಂಜೆ ತುಳಜಾರಾಮ ಗೋಡೆ ಸುತ್ತಿ ಅಣ್ಣನ ಮನೆಗೆ ಹೋದ. ಅಣ್ಣ ಪಾಲಿನ ಮಾತೆತ್ತಲಿಲ್ಲ, ಕೂತುಕೋ ಎಂದು ಚಾಪೆ ಹಾಸಿದ. ಮರುದಿನ ಇಬ್ಬರೂ ಒಂದೇ ರಿಕ್ಷಾದಲ್ಲಿ ದವಾಖಾನೆಗೆ ಹೋದದ್ದನ್ನು ಊರು ನೋಡಿತು.

ಅಷ್ಟು ಸಾಕಾಯಿತು. ಶರಣರು ಬಾಳಿ ಹೋದ ಊರು. ಒಬ್ಬ ಮನುಷ್ಯ ಸುಮ್ಮನೆ ಕೂತರೆ ಅದರಲ್ಲಿ ಏನೋ ಇರಬೇಕೆಂದು ನಂಬುವ ಮಂದಿ ಅಲ್ಲಿ ಇನ್ನೂ ಇದ್ದಾರೆ. ಮಾಸ್ತರರ ಟೇಪಿನ ಪೆಟ್ಟಿಗೆಯ ಮುಂದೆ ಕೂತು ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂಬ ಸುದ್ದಿ ಹಬ್ಬಿತು. ಮೊದಲು ಬಂದವರು ಟೇಲರ್ ಸೈಫುದ್ದೀನ್. ಮಾಸ್ತರರ ಮನೆಯ ಬಾಗಿಲಲ್ಲೇ ನಿಂತು ಕೇಳಿದರು:

“ಮಾಸ್ತರ್, ನಾ ಚಾ ಕುಡಿಯಂಗಿಲ್ರಿ. ಶುಗರ್ ಅದ. ನಡೀತದೇನು?”

ಚಹಾ ಕುಡಿಯದವರ ಅಭಿಪ್ರಾಯವೂ ಬೇಕಾಗಬಹುದು ಎಂದುಕೊಂಡು ಮಾಸ್ತರರು ಕೂಡಿಸಿಕೊಂಡರು. ಸೈಫುದ್ದೀನರು ತಮ್ಮ ಬಲಗಣ್ಣು ಕಾಣುತ್ತಿಲ್ಲವೆಂದೂ, ಅದನ್ನು ಮನೆಯಲ್ಲಿ ಹೇಳಿಲ್ಲವೆಂದೂ, ಸೂಜಿಗೆ ದಾರ ಪೋಣಿಸಲು ಶಾಲೆಗೆ ಹೋಗುವ ಮಕ್ಕಳನ್ನು ಏನೋ ನೆವ ಹೇಳಿ ಕರೆಯುತ್ತಿರುವುದಾಗಿಯೂ ಹೇಳಿ ಎದ್ದು ಹೋದರು.

ಆಮೇಲೆ ಹುಲಸೂರಿನಿಂದ ಬಂದರು, ನಾರಾಯಣಪುರದಿಂದ ಬಂದರು. ಹೊರಗಿನ ಪಡಸಾಲೆ ಸಾಲದೆ ಕಟ್ಟೆಯ ಮೇಲೂ ಕೂತರು. ಜನಗಣತಿ ಮುಗಿದು ಎರಡು ವರ್ಷವಾಗಿದ್ದರಿಂದ, ಇದು ಸರ್ಕಾರದ ದುಃಖದ ಗಣತಿ ಎಂದು ಕೆಲವರು ತೀರ್ಮಾನಿಸಿದರು. ದುಃಖ ಹೆಚ್ಚಿದ್ದವರಿಗೆ ಬಡವರ ರೇಷನ್ನಿನ ಹಸಿರು ಕಾರ್ಡು ಸಿಗುತ್ತದೆಂದು ಇನ್ನು ಕೆಲವರು ಸೇರಿಸಿದರು. ನಾರಾಯಣಪುರದ ಕೂಲಿ ಹೆಂಗಸು ಸೋನುಬಾಯಿ ಆ ಕಾರ್ಡಿಗಾಗಿಯೇ ಬಂದಿದ್ದಳು. ಮನೆ ಸೋರುತ್ತದೆ, ಎಮ್ಮೆ ಸತ್ತಿದೆ, ಗಂಡನಿಗೆ ಪಾರ್ಶ್ವವಾಯು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಗಂಡ ಹೊರಗೆ ಕಟ್ಟೆಯ ಮೇಲೆ ಕಾಲು ಚಾಚಿ ಬೀಡಿ ಸೇದುತ್ತಿದ್ದ. ಮಾಸ್ತರರು ಎಂದಿನಂತೆ ಸುಮ್ಮನೆ ನೋಡಿದರು. ಸೋನುಬಾಯಿ ಸೆರಗು ಸರಿ ಮಾಡಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅಂದಳು:

“ಸುಳ್ಳ ಹೇಳ್ದೆನ್ರಿ ಸರ. ಎಮ್ಮಿ ಇರಲೇ ಇಲ್ಲ.”

ಹೊರಗಿದ್ದ ಗಂಡನ ಕಡೆ ಒಮ್ಮೆ ನೋಡಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು.

“ಮಗಳು ಓಡಿ ಹೋದಳಂತ ಊರಿಗೆಲ್ಲ ಹೇಳೀನಿ. ಓಡಿ ಹೋಗಿಲ್ರಿ. ಮುದುಕಗ ಕೊಡಾಕತ್ತಿದ್ರು. ನಾನೇ ಬಸ್ ಹತ್ತಿಸಿ ಕಳಿಸೀನಿ. ದಿನಾ ಮಂದಿ ಆಕಿಗಿ ಬೈತಾರ, ನಾನೂ ಅವರ ಸಂಗಾಟ ಕೂಡಿ ಬೈತೀನಿ.”

ಕಾರ್ಡಿನ ಮಾತೆತ್ತದೆ ಎದ್ದು ಹೋದಳು.

ಬಂದವರಿಗೆಲ್ಲ ಒಳಗಿನಿಂದ ಚಹಾ ಬರುತ್ತಿತ್ತು. ಅದನ್ನು ಮಾಡುತ್ತಿದ್ದವರು ಮಾಸ್ತರರ ಅಕ್ಕ ಸೂಗಮ್ಮ. ಗಂಡ ಇನ್ನೊಂದು ಮದುವೆ ಮಾಡಿಕೊಂಡ ಮೇಲೆ ತವರಿಗೆ ಬಂದವರು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರು. ಅಪ್ಪ ಅವ್ವ ತೀರಿಕೊಂಡ ಮೇಲೂ ತಮ್ಮನ ಮನೆಯ ಒಲೆ ಅವರ ಕೈಯಲ್ಲೇ ಉಳಿಯಿತು. ಮಾತು ಕಡಿಮೆ. ಮಾಸ್ತರರ ಹೆಂಡತಿ ಮನೀಷಾ ಅವರಿಗೆ ಮಾತು ಕಡಿಮೆ ಇರಲಿಲ್ಲ.

“ಚಾಪುಡಿ ಮ್ಯಾಲ ಪುಸ್ತಕ ಬರೀತೀನಂದ್ರಿ. ಮನ್ಯಾಗಿನ ಚಾಪುಡಿ ಎಲ್ಲಾ ಖಲಾಸ್ ಆತು,” ಎಂದರು. “ಮಠಾ ಕಟ್ಟೋದಿದ್ರ ಹೇಳ್ರಿ, ನಾ ತವರಿಗಿ ಹೋಗ್ತೀನಿ.”

ಅವರ ತಂದೆ ಆಗಲೇ ಭಾಲ್ಕಿಯಿಂದ ಬಂದು ಅಳಿಯನ ಹಣೆ, ಕೈ, ಕಾವಿ ಬಟ್ಟೆಯ ಸುಳಿವು ಎಲ್ಲವನ್ನೂ ಪರೀಕ್ಷಿಸಿ ಹೋಗಿದ್ದರು. ಅಳಿಯ ಸ್ವಾಮಿಯಾಗುವ ಲಕ್ಷಣ ಸದ್ಯಕ್ಕಿಲ್ಲ ಎಂದು ಮಗಳಿಗೆ ಧೈರ್ಯ ಹೇಳಿದ್ದರು.

ಸರ್ಕಾರಕ್ಕೂ ಸುದ್ದಿ ಮುಟ್ಟಿತು. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರು ತಮ್ಮ ಕಸುಬು ಕುಸಿದಿದೆ ಎಂದು ದೂರು ಕೊಟ್ಟರು. ವಿಚಾರಿಸಲು ಹೆಡ್ ಕಾನ್‌ಸ್ಟೇಬಲ್ ಗುಂಡಪ್ಪ ಬಂದರು. ಪರವಾನಗಿ ಇಲ್ಲದೆ ಅಹವಾಲು ತೆಗೆದುಕೊಳ್ಳುತ್ತಿರುವುದು ಯಾವ ಕಾಯಿದೆಯ ಪ್ರಕಾರ ಎಂದು ಗಟ್ಟಿಯಾಗಿ ಕೇಳಿದರು. ಮಾಸ್ತರರಿಗೆ ಹೆದರಿಕೆಯಿಂದ ನಾಲಿಗೆ ಏಳಲಿಲ್ಲ. ಅಭ್ಯಾಸ ಬಲದಿಂದ ಕೈ ಮಾತ್ರ ಟೇಪಿನ ಗುಂಡಿ ಒತ್ತಿತು.

ಗುಂಡಪ್ಪ ಕಾದರು. ಮೀಸೆ ತಿರುವಿದರು. ಕೊನೆಗೆ ಅಂದರು: “ನನ್ನ ಮುಂದ ಸುಮ್ನ ಕುಂತೋರೆಲ್ಲ ಕಳ್ಳರೇ ಇದ್ದರ್ರಿ. ಕಳ್ಳ ಅಲ್ಲದವ ಹಿಂಗ ಕುಂತದ್ದು ಇದೇ ಮೊದಲು.”

ಮತ್ತೂ ಸ್ವಲ್ಪ ಕಾದು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪೊಲೀಸ್ ಇಲಾಖೆಯ ಮರ್ಯಾದೆಯ ಪ್ರಶ್ನೆಯಾದ್ದರಿಂದ ಅವರು ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. “ಅಕ್ರಮ ಏನೂ ಇಲ್ಲ,” ಎಂದು ಕಟ್ಟೆಯ ಮೇಲಿದ್ದವರಿಗೆ ಹೇಳಿ, ಸರದಿಯಲ್ಲಿ ತಳ್ಳಾಡದಂತೆ ಎಚ್ಚರಿಸಿ ಹೋದರು.

ಮಾಸ್ತರರು ಚೀಲ ತುಂಬ ಕ್ಯಾಸೆಟ್ ಹೊತ್ತುಕೊಂಡು ಗುಲ್ಬರ್ಗಾಕ್ಕೆ ಹೋದರು. ಮಲ್ಲಿಕಾರ್ಜುನ ಸರ್ ಒಂದು ಕ್ಯಾಸೆಟ್ ಹಾಕಿ ಕೇಳಿದರು. ಮುಂದಕ್ಕೆ ಓಡಿಸಿ ಕೇಳಿದರು. ಇನ್ನೊಂದು ಹಾಕಿದರು. ಎಲ್ಲದರಲ್ಲೂ ಯಾರೋ ಅಳುತ್ತಿದ್ದರು, ಇಲ್ಲವೇ ಯಾರೂ ಮಾತಾಡುತ್ತಿರಲಿಲ್ಲ.

“ಚಹಾ ಎಲ್ಲಿದೆ ಗುರುಶಾಂತ?”

“ಸುರುವಾತಿಗಿ ಬರ್ತದ್ರಿ ಸರ್.”

“ಆಮೇಲೆ?”

“ಆಮ್ಯಾಲ ಬರಂಗಿಲ್ರಿ.”

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತನ್ನು ವಿಷಯಕ್ಕೆ ಮರಳಿ ತರಬೇಕೆಂದು ಕಮ್ಮಟದಲ್ಲಿ ಹೇಳಿರಲಿಲ್ಲವೇ ಎಂದು ಕೇಳಿದರು. ಮಾಸ್ತರರಿಗೆ ಹೋಳಿಗೆ ಮಾತ್ರ ನೆನಪಾಯಿತು.

“ಮೊದಲಿನಿಂದ ಕೊನೆವರೆಗೆ ಚಹಾದ ಬಗ್ಗೆಯೇ ಇರುವ ಒಂದು ಸಂದರ್ಶನ ಸೋಮವಾರ ಹತ್ತು ಗಂಟೆಗೆ ತನ್ನಿ. ಒಂದೇ ಒಂದು. ಇಲ್ಲದಿದ್ದರೆ ನಿಮ್ಮ ನೋಂದಣಿ ರದ್ದು ಮಾಡಬೇಕಾಗುತ್ತದೆ.”

ಭಾನುವಾರ ಬಂತು. ಊರಿನಲ್ಲಿ ಯಾರನ್ನು ಕೂಡಿಸಿದರೂ ಅಳುತ್ತಾರೆಂಬುದು ಮಾಸ್ತರರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಆಗ ದಾರಿ ತೋರಿಸಿದವರು ಮನೀಷಾ.

“ಊರೆಲ್ಲ ತಿರಗ್ಯಾಡ್ತೀರಿ. ಈ ಮನ್ಯಾಗ ಚಾ ಮಾಡೋರು ಯಾರು? ನಿಮ್ಮ ಅಕ್ಕಗ ಕೇಳ್ರಿ. ಅವರು ಏನೂ ಮಾತಾಡಂಗಿಲ್ಲ, ಅಳಂಗೂ ಇಲ್ಲ,” ಎಂದು ಹೇಳಿ, ಮಕ್ಕಳನ್ನು ಕರೆದುಕೊಂಡು ಭಾಲ್ಕಿಗೆ ಹೋದರು.

ಸೂಗಮ್ಮ ಅಡುಗೆಮನೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮಾಸ್ತರರು ಎದುರಿಗೆ ಮಣೆ ಹಾಕಿಕೊಂಡು ಟೇಪ್ ರೆಕಾರ್ಡರ್ ಇಟ್ಟರು.

“ಅಕ್ಕಾ, ಚಾಪುಡಿ ಬಗ್ಗೆ ಹೇಳು. ಯಾವದು ತರ್ತಿ, ಯಾಕ ತರ್ತಿ. ಬ್ಯಾರೆ ಏನೂ ಹೇಳಬ್ಯಾಡ, ನಿನ್ನ ಕೈ ಮುಗೀತೀನಿ.”

“ಬ್ಯಾರೆ ಏನದ ತಮ್ಮಾ ಹೇಳಾಕ,” ಎಂದರು ಸೂಗಮ್ಮ.

ಅವರು ಹೇಳಿದ್ದು ಎಷ್ಟು ಚೆನ್ನಾಗಿತ್ತೆಂದರೆ ಮಾಸ್ತರರ ಮುಖ ಅರಳಿತು. ಕೆಂಪು ಪಾಕೀಟಿನ ಪುಡಿ ಬಣ್ಣ ಬಿಡುತ್ತದೆ, ವಾಸನೆ ಇಲ್ಲ. ಬಿಡಿಯಾಗಿ ಮಾರುವ ಪುಡಿಗೆ ವಾಸನೆ ಇದೆ, ಎರಡು ಸಲ ಕುದಿಸಬೇಕು. ಬೀಗರು ಬಂದರೆ ಒಂದು, ಮನೆಯವರಿಗೆ ಒಂದು, ಎರಡನ್ನೂ ಕೂಡಿಸಿದರೆ ಹಬ್ಬಕ್ಕೊಂದು. ಹೀಗೆಯೇ ಇನ್ನೂ ಸ್ವಲ್ಪ ಹೊತ್ತು ಹೋದರೆ ಎಂ.ಫಿಲ್ ಆದಂತೆಯೇ.

“ಖರೇ ಹೇಳಬೇಕಂದ್ರ, ಪುಡಿ ಯಾವದಿದ್ರೂ ಒಂದೇ,” ಎಂದರು ಸೂಗಮ್ಮ. “ಕುಡಿಯೋರಿಗಿ ರುಚಿ ತಿಳೀಬೇಕು.”

ಮಾತು ನಿಂತಿತು. ಮಾಸ್ತರರು ರೂಢಿಯಂತೆ ಸುಮ್ಮನಾದರು. ಮುಂದಿನ ಪ್ರಶ್ನೆ ಕೇಳಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಸೂಗಮ್ಮ ಮೊರದ ಬೇಳೆಯಲ್ಲಿ ಬೆರಳಾಡಿಸುತ್ತಿದ್ದರು. ಹರಳು ಯಾವುದೂ ಸಿಗಲಿಲ್ಲ.

“ನಿನಗ ಒಮ್ಮಿ ಚಾ ಕೊಟ್ಟಿದ್ದೆ. ಮನ್ನಾಏಖೇಳ್ಳ್ಯಾಗ. ನೆನಪದೇನು?”

ಮನ್ನಾಏಖೇಳ್ಳಿ ಸೂಗಮ್ಮನ ಗಂಡನ ಊರು. ಮಾಸ್ತರರು ತಲೆಯಾಡಿಸಿದರು.

“ಏಳು ತಿಂಗಳ ಬಸರಿ ಇದ್ದೆ. ಬಾಣಂತನಕ್ಕ ಕರ್ಕೊಂಡು ಬಾ ಅಂತ ಅಪ್ಪ ನಿನಗ ಕಳಿಸಿದ್ದ. ನಮ್ಮತ್ತಿ, ಹೊಲದಾಗಿನ ರಾಶಿ ಮುಗೀಲಿ ಆಮ್ಯಾಲ ಕಳಸ್ತೀವಿ ಅಂದಳು. ನೀ, ಆಗಲಿರಿ ಅಂದಿ. ಅತ್ತಿ ಒಂದ ಕಡಿ, ಮಾವ ಒಂದ ಕಡಿ ಕುಂತಿದ್ರು. ನಿನ್ನ ಸಂಗಾಟ ಒಂದ ಮಾತ ಆಡಾಕ ಸಂದು ಇರಲಿಲ್ಲ. ಹೊಟ್ಟ್ಯಾಗ ನೋವು ಸುರು ಆಗಿತ್ತು. ಹೇಳಿದ್ರ ಕೆಲಸಕ್ಕ ನೆವಾ ಹೇಳ್ತಾಳ ಅಂತಿದ್ರು. ಅದಕ್ಕ ನಿನ್ನ ಚಾದಾಗ ಸಕ್ರಿ ಬದ್ಲಿ ಉಪ್ಪು ಹಾಕ್ದೆ.”

ಮಾಸ್ತರರು ಅಕ್ಕನ ಮುಖ ನೋಡಿದರು.

“ಬೇಕಂತನೇ ಹಾಕ್ದೆ. ಒಂದ ಗುಟಕು ಕುಡದು ಮಾರಿ ಕಿವಚ್ತಿ, ಏನಕ್ಕಾ ಇದು ಅಂತ ಅಡಗಿಮನಿಗಿ ಎದ್ದು ಬರ್ತಿ, ಆವಾಗ ಹೇಳಬೇಕು, ನನಗ ಈಗೇ ಕರ್ಕೊಂಡು ನಡಿ ಅಂತ. ಬಾಗಲ ಸಂದ್ಯಾಗ ನಿಂತು ನೋಡಾಕತ್ತಿದ್ದೆ. ನೀ ಕಪ್ಪಿನಿಂದ ಬಸ್ಯಾಗ ಸುರಕೊಂಡು ಪೂರಾ ಕುಡದಿ. ಒಂದ ಹನಿ ಬಿಡಲಿಲ್ಲ. ನಮ್ಮಕ್ಕ ಚಾ ಭಾಳ ಛಲೋ ಮಾಡ್ತಾಳ್ರಿ, ಅಂತ ಮಾವಗ ಹೇಳಿ ಎದ್ದು ಹೋದಿ.”

ಸೂಗಮ್ಮ ಮೊರವನ್ನು ಪಕ್ಕಕ್ಕಿಟ್ಟರು.

“ಎರಡ ದಿನಾ ಬಿಟ್ಟು ಹೊಲದಾಗೇ ಹಡದೆ. ಹೆಣ್ಣಕೂಸು. ಸತ್ತ ಕೂಸು ಹುಟ್ಟಿತಂತ ನಿಮಗ ಹೇಳಿ ಕಳಿಸಿದ್ರು. ಸತ್ತ ಹುಟ್ಟಲಿಲ್ಲ ತಮ್ಮಾ. ಸಂಜಿತನಕ ಇತ್ತು. ಅಳ್ತಿತ್ತು.”

ಕ್ಯಾಸೆಟ್ಟಿನ ಒಂದು ಬದಿ ಮುಗಿದು ಗುಂಡಿ ಟಕ್ಕೆಂದು ಮೇಲೆ ಬಂತು. ಇಬ್ಬರೂ ಅತ್ತ ನೋಡಲಿಲ್ಲ. ಎಷ್ಟೋ ಮಂದಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದ ಗುರುಶಾಂತ ಮಾಸ್ತರರು ಆಗ ಬಾಯಿ ತೆರೆದರು.

“ಉಪ್ಪು ಅಂತ ನನಗ ಗೊತ್ತಾಗಿತ್ತು ಅಕ್ಕಾ.”

ಸೂಗಮ್ಮ ಅರ್ಥವಾಗದವರಂತೆ ನೋಡಿದರು.

“ಮೊದಲನೇ ಗುಟಕಿಗೇ ಗೊತ್ತಾತು. ನೀ ತಪ್ಪಿ ಹಾಕೀದಿ ಅಂತ ತಿಳದೆ. ಗೊತ್ತಾದ್ರ ನಿಮ್ಮತ್ತಿ ಬೈತಾಳ, ಹೊಡೀತಾಳ ಅಂತ ಮಾರಿ ಕಿವುಚಲಿಲ್ಲ. ಬಸಿ ಸುದ್ದಾ ಪೂರಾ ಕುಡದೆ, ಆಕಿ ಕೈಯಾಗ ಉಳದದ್ದು ಸಿಗಬಾರದಂತ. ಬಸ್ ನಿಲ್ಲೋ ಜಾಗಾದಾಗ ಹೋಗಿ ಕಾರಕೊಂಡೆ.”

ಸೂಗಮ್ಮ ತಮ್ಮನನ್ನು ನೋಡುತ್ತಲೇ ಇದ್ದರು. ಆಮೇಲೆ ಅವರಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. “ಎಂಥಾ ಶಾಣ್ಯಾ ಇದ್ದಿಯೋ ನೀ,” ಎಂದರು. ನಗುತ್ತ ನಗುತ್ತ ಅದು ಬೇರೆಯೇ ಆಯಿತು. ಬೆನ್ನು ಅಲುಗಾಡತೊಡಗಿತು. ಮಾಸ್ತರರು ಮಣೆಯಿಂದ ಎದ್ದು ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಅವರ ಅಳು ಇಳಿದ ಮೇಲೆ ಕೇಳಿದರು: “ಈಗ ನಿನಗ ಏನರೆ ಬೇಕೇನು ಅಕ್ಕಾ?”

“ಕೂಸಿನ ಆ ಜಾಗಾ ಒಮ್ಮಿ ನೋಡಬೇಕು,” ಎಂದರು ಸೂಗಮ್ಮ.

ಸೋಮವಾರ ಬೆಳಿಗ್ಗೆ ಇಬ್ಬರೂ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಳಿದರು. ಗುಲ್ಬರ್ಗಾದ ಬಸ್ಸು ಒಂದು ಕಡೆ ನಿಂತಿತ್ತು. ಮಾಸ್ತರರು ಅಕ್ಕನ ಕೈ ಹಿಡಿದು ಹೈದರಾಬಾದ್ ಕಡೆಯ ಬಸ್ಸು ಹತ್ತಿದರು. ಅಲ್ಲಿ ಯಾರನ್ನೋ ಕಳಿಸಲು ಬಂದಿದ್ದ, ಸೋಮವಾರದ ಗಡುವು ತಿಳಿದಿದ್ದ ಕಾರ್ಯದರ್ಶಿ ವೀರಭದ್ರಪ್ಪನವರು ಇದನ್ನು ಕಂಡು ಕಿಟಕಿಯ ಹತ್ತಿರ ಓಡಿ ಬಂದರು.

“ಮಾಸ್ತರ್, ತಪ್ಪಿ ಹತ್ತೀರಿ. ಗುಲ್ಬರ್ಗಾ ಬಸ್ ಆ ಕಡಿ ಅದ.”

“ಗೊತ್ತದರಿ,” ಎಂದರು ಮಾಸ್ತರರು.

“ಹತ್ತು ಗಂಟಿಗಿ ನಿಮ್ಮ ಸರ್ ದಾರಿ ನೋಡ್ತಾರ. ಇಳೀರಿ ಮೊದಲ.”

ಕಂಡಕ್ಟರನೂ ಮಾಸ್ತರರನ್ನು ಬಲ್ಲವನೇ. ಅವನೂ ಇಳಿಸಲು ನೋಡಿದ. ಮಾಸ್ತರರು ಎರಡು ಮನ್ನಾಏಖೇಳ್ಳಿ ಎಂದು ಟಿಕೆಟ್ ಕೇಳಿದರು. ಬಿ.ಬಿ.ಎಂ. ವಿಭಾಗ ಆ ತಿಂಗಳೇ ಬೀದರದ ಹುಡುಗನಿಗೆ ಹೋಯಿತು. ಮಾಸ್ತರರು ನಿವೃತ್ತಿಯವರೆಗೂ ಜಮಾ ಖರ್ಚನ್ನೇ ಕಲಿಸಿದರು.

ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿಯ ಪಕ್ಕದ ಆ ಹೊಲ ಹೊಲವಾಗಿ ಉಳಿದಿರಲಿಲ್ಲ. ಗಂಡನ ಮನೆಯವರು ಅದನ್ನು ಮಾರಿ ಬಹಳ ದಿನವಾಗಿತ್ತು. ಈಗ ಅದು ಲಾರಿ ನಿಲ್ಲುವ ಅಂಗಳ. ಸುತ್ತ ತಂತಿ ಬೇಲಿ, ಒಳಗೆ ಒತ್ತೊತ್ತಾಗಿ ಲಾರಿಗಳು. ಒಂದು ಮೂಲೆಯಲ್ಲಿ ಹಳೆಯ ಬಾವಿ ಮಾತ್ರ ಇತ್ತು, ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ದರು. ಸೂಗಮ್ಮ ಬಾವಿಯನ್ನು ಗುರುತು ಹಿಡಿದರು. ಅಲ್ಲಿಂದ ಒಂದು ಕಡೆ ನೋಡುತ್ತ ನಿಂತರು.

ಗುಲ್ಬರ್ಗಾಕ್ಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡ ಮನುಷ್ಯ ನೆಲ ನೋಡುತ್ತ ಓಡಾಡುವುದನ್ನು ಕಾವಲುಗಾರ ಕಂಡ. ರಸ್ತೆ ಅಗಲ ಮಾಡುವ ಸುದ್ದಿ ಇದ್ದ ಕಾಲ. ಅವನು ಮಾಲೀಕರಿಗೆ ಫೋನು ಮಾಡಿದ. ಮಾಲೀಕ ಜಲಾಲುದ್ದೀನ್ ಸಾಹೇಬರು ಮೋಟರ್ ಸೈಕಲ್ ಮೇಲೆ ಬಂದಿಳಿದರು.

“ಸಾಹೇಬ್ರ, ರೋಡ್ ಆ ಕಡೀಗಿ ಅಗಲ ಮಾಡ್ತೀವಂತ ಹೇಳಿದ್ರಲ್ರಿ. ಈಗ ಈ ಕಡಿ ಯಾಕ ಅಳೀಲಿಕ್ಕ ಬಂದ್ರಿ? ಬರ್ರಿ, ಆಫೀಸಿನಾಗ ಕುಂತು ಮಾತಾಡೋಣ.”

ಮಾಸ್ತರರಿಗೆ ಎಲ್ಲಿಂದ ಹೇಳಲು ಶುರು ಮಾಡಬೇಕೆಂದು ತಿಳಿಯಲಿಲ್ಲ. ಸಾಹೇಬರು ಅವರ ಮೌನಕ್ಕೆ ಬೇರೆ ಅರ್ಥ ಮಾಡಿಕೊಂಡು ಜೇಬಿಗೆ ಕೈ ಹಾಕಿದರು. ಆಗ ಸೂಗಮ್ಮ ಮುಂದೆ ಬಂದರು.

“ಅಣ್ಣಾ, ನಾ ಈ ಹೊಲದ ಮನಿ ಸೊಸಿ ಇದ್ದೆ. ನನ್ನ ಕೂಸಿಗಿ ಇಲ್ಲಿ ಮಣ್ಣ ಮಾಡ್ಯಾರ. ಒಂದ ಗಳಗಿ ನೋಡಿ ಹೋಗ್ತೀನಿ.”

ಜಲಾಲುದ್ದೀನರ ಕೈ ಜೇಬಿನಿಂದ ಹೊರಗೆ ಬಂತು. ಅವರು ಲಾರಿಗಳನ್ನು ನೋಡಿದರು.

“ಯಾವ ಕಡಿ ತಾಯಿ?”

ಸೂಗಮ್ಮ ಕೈ ತೋರಿಸಿದರು. ಅಲ್ಲಿ ಸಿಮೆಂಟ್ ತುಂಬಿದ ಲಾರಿ ನಿಂತಿತ್ತು. ಸಾಹೇಬರು ಡ್ರೈವರನನ್ನು ಎಬ್ಬಿಸಿದರು. ಲಾರಿ ಹಿಂದಕ್ಕೆ ಸರಿಯಿತು. ಸೂಗಮ್ಮ ಹೋಗಿ ನೋಡಿ ಬಾವಿಯತ್ತ ತಿರುಗಿ, “ಇನ್ನೂ ಜರಾ ಆ ಕಡಿ ಇತ್ತು,” ಎಂದರು. ಅದರ ಪಕ್ಕದ ಲಾರಿ ಸರಿಯಬೇಕಾದರೆ ಅದರ ಹಿಂದಿನದು ಸರಿಯಬೇಕಾಗಿತ್ತು. ಅದರ ಅಡಿಯಲ್ಲಿ ಇಬ್ಬರು ಸ್ಟೋವ್ ಹಚ್ಚಿ ಅನ್ನಕ್ಕಿಟ್ಟಿದ್ದರು. ಅವರು ಕುದಿಯುವ ಪಾತ್ರೆಯನ್ನು ಎತ್ತಿಕೊಂಡು ಎದ್ದರು. ಒಂದಾದ ಮೇಲೊಂದು ಎಂಜಿನ್‌ಗಳು ಗುಡುಗಿದವು. ಒಂದು ಲಾರಿ ಹೆದ್ದಾರಿಗೇ ಇಳಿದು ಅಡ್ಡ ನಿಂತಿತು, ಅದರ ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಏನಾಗಿದೆ ಎಂದು ಕೇಳಿದವರಿಗೆ ಕಾವಲುಗಾರ ಮಂತ್ರಿಗಳು ಬಂದಿದ್ದಾರೆ ಎಂದು ಹೇಳಿದ. ಜಲಾಲುದ್ದೀನರು ಅಂಗಳದ ನಡುವೆ ನಿಂತು ಎರಡೂ ಕೈ ಬೀಸುತ್ತ ಎಲ್ಲರನ್ನೂ ಹಿಂದೆ ಸರಿಸುತ್ತಿದ್ದರು.

ಅಂಗಳದ ಆ ಭಾಗ ಖಾಲಿಯಾಯಿತು. ಎಣ್ಣೆ ಕುಡಿದು ಕಪ್ಪಾದ ನೆಲ. ಸೂಗಮ್ಮ ಬಾವಿಯನ್ನೊಮ್ಮೆ ನೋಡಿದರು, ಅತ್ತ ಊರಿನ ಗುಡಿಯನ್ನೊಮ್ಮೆ ನೋಡಿದರು, ನಡೆದು ಹೋಗಿ ಒಂದು ಕಡೆ ನಿಂತರು. “ಇಲ್ಲೇ,” ಎಂದು ಹೇಳಿ ಕೂತರು. ಅಂಗೈಯನ್ನು ನೆಲಕ್ಕಿಟ್ಟರು.

ಮಾಸ್ತರರೂ ಬಂದು ಪಕ್ಕದಲ್ಲಿ ಕೂತರು.

“ಹೆಸರ ಇಟ್ಟಿರಲಿಲ್ಲ ತಮ್ಮಾ,” ಎಂದರು ಸೂಗಮ್ಮ. “ಇಡೋಷ್ಟು ಹೊತ್ತ ಇರಲಿಲ್ಲ. ನೀ ಸೋದರಮಾವ. ನೀ ಇಡು.”

ಮಾಸ್ತರರು ಯೋಚಿಸಿದರು. ಆಮೇಲೆ ನೆಲದ ಕಡೆ ಬಾಗಿ ಏನೋ ಅಂದರು.

“ಕೇಳಸಲಿಲ್ಲ,” ಎಂದರು ಸೂಗಮ್ಮ.

ಜಲಾಲುದ್ದೀನರು ಲಾರಿಗಳ ಕಡೆ ತಿರುಗಿ ಎಂಜಿನ್ ಬಂದ್ ಮಾಡಿ ಎಂದು ಕೂಗಿದರು. ಹತ್ತಿರದ್ದು ನಿಂತಿತು. ಅದರ ಆಚೆಯದು ನಿಂತಿತು. ಹೆದ್ದಾರಿಗೆ ಅಡ್ಡ ನಿಂತದ್ದು ಕೊನೆಗೆ ನಿಂತಿತು. ಮಾಸ್ತರರು ಮತ್ತೊಮ್ಮೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ನೀಲಮ್ಮ.”